ಮೇಷ್ಟ್ರ ಚಮಚ

ಬಿ.ಎಸ್ಸಿ. ನರ್ಸಿಂಗ್ ಓದುವಾಗ ನನಗೆ ಅತಿ ಬೇಜಾರು ತರಿಸಿದ ಪಾಠ ಅಂದ್ರೆ ನರ್ಸಿಂಗ್ ಥಿಯರಿ. ನೈಟಿಂಗೇಲ್, ಹೆಂಡರ್ಸನ್, ಒರೆಮ್... ಯಾರು ಯಾವ ಇಸವಿಯಲ್ಲಿ ಏನು ಹೇಳಿದ್ರು ಅಂತ ಉರು ಹೊಡೆದು ಪರೀಕ್ಷೆಯಲ್ಲಿ ಕಕ್ಕಿ ಬಂದ್ವಿ. ಹೆಂಡರ್ಸನ್ ಹೇಳಿದ 14 ಮೂಲಭೂತ ಅಗತ್ಯಗಳನ್ನು ನೆನಪಿಡೋಕೆ ಹಾಸ್ಟೆಲ್‌ನಲ್ಲಿ ಹಾಡೇ ಕಟ್ಟಿದ್ವಿ. ಇಂಜೆಕ್ಷನ್ ಕೊಡೋಕೆ, ಡ್ರಿಪ್ ಹಾಕೋಕೆ ಇದೆಲ್ಲ ಯಾಕೆ ಬೇಕು ಅನ್ನೋದು ನಮ್ಮ ಗೊಣಗಾಟ.

ಕೆಲಸಕ್ಕೆ ಸೇರಿ ಮೂರು ವರ್ಷ ಆದ್ಮೇಲೆ ನಮ್ಮ ವಾರ್ಡಿಗೆ ಮೇಷ್ಟ್ರು ಬಂದ್ರು. ಹಾಸನದ ಕಡೆಯವರು, ನಿವೃತ್ತ ಹೈಸ್ಕೂಲು ಮೇಷ್ಟ್ರು. ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಸ್ವಾಧೀನ ತಪ್ಪಿತ್ತು. ಮಾತು ತೊದಲುತ್ತಿದ್ದರೂ ಅರ್ಥವಾಗುತ್ತಿತ್ತು. ಮಗನಿಗೆ ಬೆಂಗಳೂರಿನಲ್ಲೇ ಸಾಫ್ಟ್‌ವೇರ್ ಕೆಲಸ. ರಜೆ ಸಿಗದೆ ಹಾಸಿಗೆ ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆದು ಕೂತಿರುತ್ತಿದ್ದ. ಅಪ್ಪನಿಗೆ ತುತ್ತಿಡೋದು, ಮುಖ ಒರೆಸೋದು, ತಲೆ ಬಾಚೋದು ಎಲ್ಲ ಅವನೇ. ಬಾಯಾರಿಕೆ ಅನ್ನೋ ಮೊದಲೇ ಲೋಟ ತುಟಿಗೆ ಬಂದಿರುತ್ತಿತ್ತು. ಇದ್ರೆ ಇಂಥ ಮಗ ಇರಬೇಕು ಅಂತ ವಾರ್ಡಿನಲ್ಲಿ ಎಲ್ಲರೂ ಅಂತಿದ್ರು. ನಾನೂ ಅಂದಿದ್ದೆ.

ಐದನೇ ದಿನ ಬೆಳಿಗ್ಗೆ ಮೇಷ್ಟ್ರ ಕನ್ನಡಕ ಮೂಗಿನ ತುದಿಗೆ ಜಾರಿತು. ಅವರ ಎಡಗೈ ಚೆನ್ನಾಗೇ ಇತ್ತು. ಆದರೂ ಅದನ್ನು ಹೊದಿಕೆಯಿಂದ ಆಚೆ ತೆಗೆಯಲಿಲ್ಲ. ಮಗ ನೋಡುವವರೆಗೆ ಹಾಗೇ ಕಾಯುತ್ತಾ ಕೂತರು.

ನನಗೆ ಒರೆಮ್ ನೆನಪಾದರು. ಡೊರೊಥಿಯಾ ಒರೆಮ್ ಅಮೆರಿಕದ ನರ್ಸ್, ತಮ್ಮ ವಿಚಾರವನ್ನು 1971ರಲ್ಲಿ ಪುಸ್ತಕ ಮಾಡಿದವರು. ಅವರ ಲೆಕ್ಕ ಸರಳ. ಈ ಮನುಷ್ಯ ತನಗಾಗಿ ತಾನು ಏನೇನು ಮಾಡಿಕೊಳ್ಳಬೇಕು, ಅದರಲ್ಲಿ ಎಷ್ಟು ಅವನ ಕೈಲಾಗುತ್ತೆ? ನಡುವೆ ಉಳಿಯೋ ಕೊರತೆ ಎಷ್ಟೋ ಅಷ್ಟು ನರ್ಸ್ ಕೆಲಸ. ಪ್ರಜ್ಞೆ ಇಲ್ಲದವರಿಗೆ ಪೂರ್ತಿ ನಾವೇ ಮಾಡಬೇಕು. ಸ್ವಲ್ಪ ಚೇತರಿಸಿಕೊಂಡವರ ಜೊತೆ ಕೆಲಸ ಹಂಚಿಕೊಳ್ಳಬೇಕು. ಇನ್ನೂ ಸುಧಾರಿಸಿದವರಿಗೆ ಹೇಳಿಕೊಟ್ಟು ಪಕ್ಕದಲ್ಲಿದ್ದರೆ ಸಾಕು. ಮೇಷ್ಟ್ರು ಎರಡನೇ ಮೆಟ್ಟಿಲಿಗೆ ಬಂದಾಗಿತ್ತು, ನಾವಿನ್ನೂ ಮೊದಲನೇದರಲ್ಲೇ ಇದ್ವಿ. ಇದರಲ್ಲಿ ಮಗನ ಪ್ರೀತಿಯಷ್ಟೇ ಪಾಲು ನನ್ನ ಅವಸರದ್ದೂ ಇತ್ತು. ತಿನ್ನಿಸಿದರೆ ಹತ್ತು ನಿಮಿಷ, ಅವರೇ ತಿಂದರೆ ಅರ್ಧ ಗಂಟೆ. ಶಿಫ್ಟಿನಲ್ಲಿ ಆ ಅರ್ಧ ಗಂಟೆ ಎಲ್ಲಿಂದ ತರೋದು?

ಇದೇ ಥಿಯರಿ ಹೇಳಿಕೊಂಡು “ನೀವೇ ಮಾಡ್ಕೊಳ್ಳಿ, ಒಳ್ಳೇದು” ಅಂತ ಕೈ ತೊಳೆದುಕೊಳ್ಳುವವರನ್ನೂ ನೋಡಿದ್ದೀನಿ. ಅದು ಬರೀ ಸೋಮಾರಿತನ.

ನುಂಗೋಕೆ ತೊಂದರೆ ಇಲ್ಲ ಅಂತ ಮೊದಲೇ ಪರೀಕ್ಷೆ ಮಾಡಿ ಆಗಿತ್ತು. ಮೇಷ್ಟ್ರನ್ನು ನೆಟ್ಟಗೆ ಕೂರಿಸಿ, ಬಟ್ಟಲು ಜಾರದ ಹಾಗೆ ಕೆಳಗೆ ಒದ್ದೆ ಬಟ್ಟೆ ಹಾಸಿ, ಎಡಗೈಗೆ ಚಮಚ ಕೊಟ್ಟೆ. ಮಗನ ಮುಖ ಕೆಂಪಾಯಿತು. “ನಾನಿದ್ದೀನಲ್ಲ ಸಿಸ್ಟರ್, ಅವರಿಗ್ಯಾಕೆ ಕಷ್ಟ ಕೊಡ್ತೀರಾ?”

ಮೇಷ್ಟ್ರಾದರೂ ನನ್ನ ಪರ ನಿಲ್ತಾರೆ ಅಂದ್ಕೊಂಡೆ. ಅವರು ಚಮಚ ಕೆಳಗಿಟ್ಟು ನಿಧಾನವಾಗಿ ಅಂದ್ರು, “ಎಡಗೈಲಿ ಊಟ ಮಾಡ್ತಾರೇನಮ್ಮಾ?”

ನನ್ನ ಬಾಯಿ ಕಟ್ಟಿತು. ಒಬ್ಬರು ತಮ್ಮನ್ನು ತಾವು ನೋಡಿಕೊಳ್ಳೋದರ ಮೇಲೆ ಪ್ರಭಾವ ಬೀರುವ ಅಂಶಗಳ ಪಟ್ಟಿಯನ್ನೂ ಒರೆಮ್ ಕೊಟ್ಟಿದ್ದಾರೆ. ವಯಸ್ಸು, ಆರೋಗ್ಯ, ಕುಟುಂಬದ ಜೊತೆ ಸಾಮಾಜಿಕ, ಸಾಂಸ್ಕೃತಿಕ ಹಿನ್ನೆಲೆಯೂ ಅದರಲ್ಲಿದೆ. ಪರೀಕ್ಷೆಯಲ್ಲಿ ಅದನ್ನು ಬರೆದು ಮಾರ್ಕ್ಸ್ ತಗೊಂಡಿದ್ದವಳು ನಾನೇ.

ಮಧ್ಯಾಹ್ನ ಫಿಸಿಯೋಥೆರಪಿಸ್ಟ್ ಹತ್ರ ಮಾತಾಡಿದೆ. ಚಮಚದ ಹಿಡಿಗೆ ಬ್ಯಾಂಡೇಜ್ ಬಟ್ಟೆ ಸುತ್ತಿ ದಪ್ಪ ಮಾಡಿ ಬಲಗೈ ಬೆರಳುಗಳ ನಡುವೆ ಕೂರಿಸಿದ್ವಿ. ಅವರ ಎಡಗೈ ಬಲ ಮಣಿಕಟ್ಟನ್ನು ಹಿಡಿದು ಎತ್ತಬೇಕು. ತಿನ್ನೋದು ಬಲಗೈಯೇ, ಎತ್ತೋದು ಮಾತ್ರ ಎಡಗೈ. ಮೇಷ್ಟ್ರು ಒಪ್ಪಿದ್ರು.

ಮೊದಲ ಚಮಚ ಮೊಸರನ್ನ ಎದೆ ಮೇಲೆ ಬಿತ್ತು. ಎರಡನೇದೂ. ಮಗ ಎದ್ದ, ಕೂತ, ಮತ್ತೆ ಎದ್ದ. ಮೂರನೇದು ಅರ್ಧ ಬಾಯಿಗೆ ಹೋಯಿತು. ಅರ್ಧ ಬಟ್ಟಲು ಮುಗಿಯೋಕೆ ಇಪ್ಪತ್ತೈದು ನಿಮಿಷ ಬೇಕಾಯಿತು. ಅಷ್ಟೊತ್ತಿಗೆ ಸುಸ್ತಾಗಿದ್ದರು, ಉಳಿದದ್ದನ್ನು ಮಗನೇ ತಿನ್ನಿಸಿದ. ಅದೂ ಸರಿಯೇ.

ಸಂಜೆ ಅವನು ನರ್ಸಿಂಗ್ ಸ್ಟೇಷನ್ನಿಗೆ ಬಂದು, “ಇಷ್ಟು ದಿನ ನಾನು ತಪ್ಪು ಮಾಡಿದ್ನಾ ಸಿಸ್ಟರ್?” ಅಂತ ಕೇಳಿದ. ಮೊದಲೆರಡು ದಿನ ಅದೇ ಸರಿಯಿತ್ತು ಅಂದೆ. ಶರ್ಟ್ ಹಾಕುವಾಗ ಬಲ ಇಲ್ಲದ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ ಅಂತ ಹೇಳಿಕೊಟ್ಟೆ. ಫೋನಿನಲ್ಲಿ ಬರೆದುಕೊಂಡ.

ಡಿಸ್ಚಾರ್ಜ್ ದಿನ ಕ್ಯಾಬ್ ಬಂದು ಕೆಳಗೆ ಕಾಯುತ್ತಿತ್ತು. ಮೇಷ್ಟ್ರು ಎಡಗೈಯಲ್ಲಿ ಒಂದೊಂದೇ ಗುಂಡಿ ಹಾಕಿಕೊಳ್ಳುತ್ತಿದ್ದರು. ಮಗ ಎರಡೂ ಕೈ ಜೇಬಿನಲ್ಲಿಟ್ಟು ನಿಂತಿದ್ದ, ಡ್ರೈವರ್ ಎರಡು ಸಲ ಫೋನ್ ಮಾಡಿದ. ಕೊನೇ ಗುಂಡಿ ತಪ್ಪು ಕಾಜಕ್ಕೆ ಹೋಗಿತ್ತು. ಹಾಗೇ ಹೊರಟರು.