ದೇವರಿಗೆ ಪ್ರಯೋಗಾಲಯದ ಸಾಕ್ಷಿ ಬೇಕೇ?

ಅತ್ತಿ ಹಣ್ಣು ಹೋಳು ಮಾಡಿದವರಿಗೆಲ್ಲ ಅದರೊಳಗಿನ ಹುಳು ಗೊತ್ತು. ಆ ಹುಳುವಿನ ಬದುಕು ಗೊತ್ತಿರುವವರು ಕಡಿಮೆ. ಜನ ಹಣ್ಣು ಎನ್ನುವುದು ಒಳಮುಖವಾಗಿ ಅರಳಿದ ಪುಟ್ಟ ಪುಟ್ಟ ಹೂಗಳ ಒಂದು ಗುಡಾಣ. ಅದರ ತುದಿಯಲ್ಲಿ ಇಕ್ಕಟ್ಟಾದ ಬಾಯಿ. ಕೆಲವೇ ಮಿಲಿಮೀಟರ್ ಉದ್ದದ ಹೆಣ್ಣು ಕಣಜ ಆ ಬಾಯಿಯಲ್ಲಿ ನುಸುಳುವಾಗ ರೆಕ್ಕೆಗಳು ಹರಿದುಹೋಗುತ್ತವೆ. ಒಳಹೊಕ್ಕು, ಹೊತ್ತು ತಂದ ಪರಾಗವನ್ನು ಹೂಗಳಿಗೆ ಮುಟ್ಟಿಸಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮರಿಗಳಲ್ಲಿ ರೆಕ್ಕೆಯಿಲ್ಲದ ಗಂಡುಗಳು ಮೊದಲು ಹೊರಬಂದು ಹೆಣ್ಣುಗಳೊಡನೆ ಕೂಡುತ್ತವೆ, ಹಣ್ಣಿನ ಗೋಡೆ ಕೊರೆದು ದಾರಿ ಮಾಡಿಕೊಟ್ಟು ಸಾಯುತ್ತವೆ. ಹೆಣ್ಣುಗಳು ಪರಾಗ ಹೊತ್ತು ಇನ್ನೊಂದು ಮರ ಹುಡುಕಿ ಹಾರುತ್ತವೆ. ಕಣಜವಿಲ್ಲದೆ ಅತ್ತಿಗೆ ಬೀಜವಿಲ್ಲ, ಅತ್ತಿಯಿಲ್ಲದೆ ಕಣಜಕ್ಕೆ ಸಂತಾನವಿಲ್ಲ.

ಇದೇ ಅತ್ತಿಗೆ ಇನ್ನೊಂದು ಜಾತಿಯ ಕಣಜವೂ ಬರುತ್ತದೆ. ಅದು ಒಳಗೆ ಹೋಗುವುದಿಲ್ಲ. ಹೊರಗೇ ಕುಳಿತು, ಕೂದಲಿಗಿಂತ ತೆಳುವಾದ ಕೊಳವೆಯಿಂದ ಕಾಯಿಯ ಗಟ್ಟಿ ಸಿಪ್ಪೆಯನ್ನು ಕೊರೆದು, ಒಳಗೆ ಬೆಳೆಯುತ್ತಿರುವ ಬೇರೆ ಕಣಜದ ಮರಿಗಳಿಗೆ ಕುತ್ತಾಗುವಂತೆ ಮೊಟ್ಟೆ ಇಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಲಕ್ಷ್ಮೀನಾಥ್ ಕುಂದನಾಟಿ ಮತ್ತು ನಮ್ರತಾ ಗುಂಡಯ್ಯ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಕೊಳವೆಯ ತುದಿಯ ಹಲ್ಲುಗಳಲ್ಲಿ ಸತು ಸೇರಿರುವುದನ್ನು ತೋರಿಸಿದರು. ಲೋಹ ಬೆರೆತ ಮೊನೆಯ ಡ್ರಿಲ್, ಒಂದು ಹುಳುವಿನ ಮೈಯಲ್ಲಿ!

ಇದನ್ನು ಕೇಳಿದಾಗ, ಇದೆಲ್ಲ ಯಾರೋ ಲೆಕ್ಕ ಹಾಕಿಯೇ ಮಾಡಿದ್ದು ಎನ್ನಿಸುವುದು ಸಹಜ. ಆ ಅನಿಸಿಕೆಯಲ್ಲಿ ಭಕ್ತಿಯಿದೆ, ಬೆರಗಿದೆ, ಎರಡೂ ಗೌರವಕ್ಕೆ ಅರ್ಹ. ಅನಿಸಿಕೆಯನ್ನೇ ಪುರಾವೆ ಎಂದು ಮಂಡಿಸಿದಾಗ ಮಾತ್ರ ತೊಡಕು ಶುರುವಾಗುತ್ತದೆ. ಪರಾಗ ಹೊರುವ ಕಣಜ ದೈವೀ ವಿನ್ಯಾಸಕ್ಕೆ ಸಾಕ್ಷಿಯಾದರೆ, ಬೇರೆ ಕಣಜದ ಮರಿಗಳನ್ನು ಕೊಲ್ಲಲೆಂದು ಸತು ಬೆರೆಸಿಕೊಂಡ ಮೊನೆಯೂ ಸಾಕ್ಷಿಯಾಗಲೇಬೇಕು. ಚಾರ್ಲ್ಸ್ ಡಾರ್ವಿನ್‌ನನ್ನು ಕಾಡಿದ್ದೂ ಇದೇ. ಹುಳುಗಳ ಜೀವಂತ ದೇಹದೊಳಗೆ ಬೆಳೆದು ಅವನ್ನೇ ತಿನ್ನುವ ಕಣಜಗಳನ್ನು ಕರುಣಾಮಯಿಯಾದ ದೇವರು ಬೇಕೆಂದೇ ಸೃಷ್ಟಿಸಿದನೆಂದು ನಂಬಲು ತನ್ನಿಂದಾಗದು ಎಂದು ಆತ 1860ರ ಮೇ ತಿಂಗಳಲ್ಲಿ ಹಾರ್ವರ್ಡ್‌ನ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ. ಗ್ರೇ ದೈವಭಕ್ತ ಕ್ರೈಸ್ತ. ಅಮೆರಿಕದಲ್ಲಿ ಡಾರ್ವಿನ್‌ನ ಪರವಾಗಿ ಗಟ್ಟಿಯಾಗಿ ನಿಂತವರಲ್ಲಿ ಮೊದಲಿಗನೂ ಅವನೇ.

ಪ್ರಕೃತಿಯಲ್ಲಿ ಕುಶಲಕರ್ಮಿಯ ಕೈ ಕಾಣುವ ವಾದಕ್ಕೆ ಪಶ್ಚಿಮದಲ್ಲಿ ಹೆಸರಾದ ರೂಪ ಕೊಟ್ಟವನು ಪಾದ್ರಿ ವಿಲಿಯಂ ಪೇಲಿ. 1802ರ ಅವನ ಪುಸ್ತಕದಲ್ಲಿ ಬಯಲಲ್ಲಿ ಬಿದ್ದ ಗಡಿಯಾರದ ಉದಾಹರಣೆಯಿದೆ: ಗಡಿಯಾರ ಸಿಕ್ಕರೆ ಅದನ್ನು ಮಾಡಿದವನೊಬ್ಬ ಇರಲೇಬೇಕು, ಹಾಗೆಯೇ ಕಣ್ಣಿಗೂ. ಆದರೆ ಪೇಲಿ ನೆಚ್ಚಿದ ಆ ಕಣ್ಣೇ ಬೇರೊಂದು ಕಥೆ ಹೇಳುತ್ತದೆ. ಹಾಳೆಯೊಂದರ ಮೇಲೆ ಏಳು ಸೆಂಟಿಮೀಟರ್ ಅಂತರದಲ್ಲಿ ಅಕ್ಕಪಕ್ಕ ಎರಡು ಚುಕ್ಕೆ ಇಟ್ಟು, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಎಡಚುಕ್ಕೆಯನ್ನೇ ದಿಟ್ಟಿಸುತ್ತ ಹಾಳೆಯನ್ನು ನಿಧಾನವಾಗಿ ಹತ್ತಿರ ತಂದರೆ, ಸುಮಾರು 25 ಸೆಂಟಿಮೀಟರ್ ದೂರದಲ್ಲಿ ಬಲಚುಕ್ಕೆ ಮಾಯವಾಗುತ್ತದೆ. ಮನುಷ್ಯನ ಅಕ್ಷಿಪಟದಲ್ಲಿ ನರತಂತುಗಳು ಬೆಳಕು ಗ್ರಹಿಸುವ ಕೋಶಗಳ ಮುಂದೆ ಹಾದು, ಒಂದೆಡೆ ಪಟವನ್ನೇ ತೂರಿಕೊಂಡು ಮಿದುಳಿನತ್ತ ಹೋಗುತ್ತವೆ. ಆ ಜಾಗದಲ್ಲಿ ನೋಟವಿಲ್ಲ. ಆಕ್ಟೋಪಸ್‌ನ ಕಣ್ಣಿನಲ್ಲಿ ನರಗಳು ಹಿಂಬದಿಯಿಂದಲೇ ಹೊರಡುವುದರಿಂದ ಅದಕ್ಕೆ ಈ ಕುರುಡು ಚುಕ್ಕೆ ಇಲ್ಲ. ಒಬ್ಬನೇ ಶಿಲ್ಪಿ ಎರಡನ್ನೂ ಹೊಸದಾಗಿ ಕೂತು ಮಾಡಿದ್ದ ಎನ್ನುವುದಕ್ಕಿಂತ, ಎರಡು ವಂಶಗಳು ಬೇರೆಬೇರೆ ದಾರಿಯಲ್ಲಿ ಕಣ್ಣು ಬೆಳೆಸಿಕೊಂಡವು ಎಂಬ ವಿವರಣೆಗೆ ಇದು ಒಗ್ಗುತ್ತದೆ.

ವಿನ್ಯಾಸದ ಈ ವಾದ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಡೋವರ್ ಎಂಬ ಸಣ್ಣ ಊರಿನ ಶಾಲಾ ಮಂಡಳಿ 2004ರಲ್ಲಿ, ವಿಕಾಸವಾದದಲ್ಲಿ ಲೋಪಗಳಿವೆ, ‘ಬುದ್ಧಿವಂತ ವಿನ್ಯಾಸ’ ಎಂಬ ಬೇರೆ ವಿವರಣೆಯೂ ಉಂಟು ಎಂದು ಜೀವವಿಜ್ಞಾನದ ತರಗತಿಯಲ್ಲಿ ಮಕ್ಕಳಿಗೆ ತಿಳಿಸಬೇಕೆಂದು ನಿರ್ಧರಿಸಿತು. ಹನ್ನೊಂದು ಮಂದಿ ಪೋಷಕರು ದಾವೆ ಹೂಡಿದರು. ಮಂಡಳಿಯ ಪರ ಮುಖ್ಯ ಸಾಕ್ಷಿ ಲೀಹೈ ವಿಶ್ವವಿದ್ಯಾಲಯದ ಜೀವರಸಾಯನ ವಿಜ್ಞಾನಿ ಮೈಕೆಲ್ ಬೀಹಿ. ಬ್ಯಾಕ್ಟೀರಿಯಾವನ್ನು ಈಜಿಸುವ ತಿರುಗುಬಾಲ, ರಕ್ತ ಹೆಪ್ಪುಗಟ್ಟುವ ಕ್ರಮ, ದೇಹದ ರೋಗನಿರೋಧಕ ವ್ಯವಸ್ಥೆ ಇವೆಲ್ಲ ಒಂದು ಬಿಡಿಭಾಗ ತೆಗೆದರೂ ನಿಂತುಹೋಗುವಂಥವು, ಆದ್ದರಿಂದ ಹಂತಹಂತವಾಗಿ ವಿಕಾಸವಾಗಿರಲಾರವು ಎಂಬುದು ಅವರ ವಾದ. ಪಾಟಿ ಸವಾಲಿನಲ್ಲಿ ವಕೀಲರು ರೋಗನಿರೋಧಕ ವ್ಯವಸ್ಥೆಯ ವಿಕಾಸದ ಕುರಿತಾದ 58 ಸಂಶೋಧನಾ ಪ್ರಬಂಧ, ಒಂಬತ್ತು ಪುಸ್ತಕ, ಪಠ್ಯಪುಸ್ತಕದ ಅಧ್ಯಾಯಗಳನ್ನು ಅವರ ಮುಂದಿಟ್ಟರು. ಇವು ಸಾಲವು ಎಂದರು ಬೀಹಿ. ವಿಜ್ಞಾನಕ್ಕೆ ಅವರು ಕೊಡುವ ವಿಶಾಲ ವ್ಯಾಖ್ಯೆಯನ್ನು ಒಪ್ಪಿದರೆ ಫಲಜ್ಯೋತಿಷವೂ ವೈಜ್ಞಾನಿಕ ಸಿದ್ಧಾಂತವೇ ಆಗುತ್ತದಲ್ಲವೇ ಎಂದು ಕೇಳಿದಾಗ ಹೌದೆಂದು ಒಪ್ಪಿಕೊಂಡರು.

ತಿರುಗುಬಾಲದ ವಾದಕ್ಕೆ ಉತ್ತರ ಅದಾಗಲೇ ಸಿದ್ಧವಾಗಿತ್ತು. ಆ ಬಾಲದ ಬುಡದಲ್ಲಿರುವ ಪ್ರೋಟೀನುಗಳಲ್ಲಿ ಹತ್ತರಷ್ಟರ ಸೋದರ ಪ್ರೋಟೀನುಗಳು ಕೆಲವು ರೋಗಕಾರಕ ಬ್ಯಾಕ್ಟೀರಿಯಾಗಳಲ್ಲಿ ಈಜಿಗೆ ಸಂಬಂಧವೇ ಇಲ್ಲದ, ಬೇರೆ ಜೀವಕೋಶಕ್ಕೆ ವಿಷ ಚುಚ್ಚುವ ಸೂಜಿಯಾಗಿ ಕೆಲಸ ಮಾಡುತ್ತವೆ. ಭಾಗಗಳು ಕಡಿಮೆಯಾದರೂ ಬೇರೊಂದು ಕೆಲಸಕ್ಕೆ ಒದಗುತ್ತವೆ ಎಂದಮೇಲೆ, ಎಲ್ಲವೂ ಒಂದೇ ಏಟಿಗೆ ಕೂಡಿಬಂದಿರಬೇಕು ಎಂಬ ಮಾತು ನಿಲ್ಲುವುದಿಲ್ಲ. ನ್ಯಾಯಾಲಯದಲ್ಲಿ ಇದನ್ನು ವಿವರಿಸಿದ ಜೀವವಿಜ್ಞಾನಿ ಕೆನೆತ್ ಮಿಲ್ಲರ್ ನಾಸ್ತಿಕರಲ್ಲ, ಶ್ರದ್ಧಾವಂತ ಕ್ಯಾಥೊಲಿಕ್. ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಬುಷ್ ನೇಮಿಸಿದ್ದ ನ್ಯಾಯಾಧೀಶ ಜಾನ್ ಜೋನ್ಸ್ 2005ರ ಡಿಸೆಂಬರ್ 20ರಂದು 139 ಪುಟಗಳ ತೀರ್ಪು ಕೊಟ್ಟು, ಬುದ್ಧಿವಂತ ವಿನ್ಯಾಸ ವಿಜ್ಞಾನವಲ್ಲ ಎಂದರು. ವಿಚಾರಣೆಯಲ್ಲಿ ಇನ್ನೊಂದು ಸಂಗತಿಯೂ ಬಯಲಾಗಿತ್ತು. ಮಕ್ಕಳಿಗೆ ಓದಲು ಸೂಚಿಸಿದ್ದ ಪುಸ್ತಕದ ಹಳೆಯ ಕರಡುಗಳಲ್ಲಿ ‘ಸೃಷ್ಟಿವಾದಿಗಳು’ ಎಂದಿದ್ದ ಕಡೆ, ಶಾಲೆಗಳಲ್ಲಿ ಸೃಷ್ಟಿವಾದದ ಬೋಧನೆ ಕುರಿತು 1987ರ ಸುಪ್ರೀಂ ಕೋರ್ಟ್ ತೀರ್ಪು ಬಂದಮೇಲೆ ‘ವಿನ್ಯಾಸದ ಪ್ರತಿಪಾದಕರು’ ಎಂದು ತಿದ್ದಲಾಗಿತ್ತು.

ಡೋವರ್‌ನ ಚರ್ಚೆ ಭಾರತಕ್ಕೆ ಹೊಸದೆಂದು ತಿಳಿದರೆ ತಪ್ಪಾದೀತು. ಹತ್ತನೆಯ ಶತಮಾನದಲ್ಲಿ ಮಿಥಿಲೆಯ ಉದಯನಾಚಾರ್ಯ ‘ನ್ಯಾಯಕುಸುಮಾಂಜಲಿ’ಯಲ್ಲಿ ಈಶ್ವರನ ಸಾಧನೆಗೆ ಕೊಟ್ಟ ಮೊದಲ ಹೇತು ಇದೇ ಜಾತಿಯದು. ಮಡಕೆಗೆ ಕುಂಬಾರನಿರುವಂತೆ ಕಾರ್ಯರೂಪವಾದ ಜಗತ್ತಿಗೂ ಕರ್ತೃವೊಬ್ಬ ಇರಬೇಕು. ಇದನ್ನು ಒಡೆದವರು ಯಾರು? ಚಾರ್ವಾಕರಷ್ಟೇ ಅಲ್ಲ. ಪರಮ ವಿಷ್ಣುಭಕ್ತರಾದ, ಮೇಲುಕೋಟೆಯೊಡನೆ ಹೆಸರು ಬೆಸೆದುಕೊಂಡಿರುವ ರಾಮಾನುಜಾಚಾರ್ಯರು. ಜಗತ್ತಿನ ಭಾಗಗಳೆಲ್ಲ ಒಂದೇ ಸಲ ಒಬ್ಬನಿಂದಲೇ ಆದವು ಎನ್ನಲು ಆಧಾರವೇನು, ಹಲವು ಕರ್ತೃಗಳು ಹಲವು ಕಾಲದಲ್ಲಿ ಮಾಡಿರಬಾರದೇಕೆ, ಲೋಕದಲ್ಲಿ ಕಾಣುವ ಕರ್ತೃಗಳಿಗೆಲ್ಲ ದೇಹವಿದೆಯಲ್ಲ ಎಂದು ಅವರು ಶ್ರೀಭಾಷ್ಯದಲ್ಲಿ ವಿಚಾರ ಮಾಡಿ, ದೇವರು ಶಾಸ್ತ್ರದಿಂದ ತಿಳಿಯಬೇಕಾದವನೇ ಹೊರತು ಅನುಮಾನದಿಂದಲ್ಲ ಎಂದು ತೀರ್ಮಾನಿಸಿದರು. ಇಂಥದೇ ಆಕ್ಷೇಪಗಳನ್ನು ಎತ್ತಿದ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್‌ನ ಗ್ರಂಥ ಅಚ್ಚಾದದ್ದು 1779ರಲ್ಲಿ, ರಾಮಾನುಜರ ನಂತರ ಆರು ಶತಮಾನ ಕಳೆದಮೇಲೆ. ಉಡುಪಿಯ ಮಧ್ವಾಚಾರ್ಯರ ನಿಲುವೂ ಅದೇ: ವಿಷ್ಣುವನ್ನು ಅರಿಯಲು ಸದಾಗಮವೇ ಪ್ರಮಾಣ.

ಇನ್ನೂ ಹಿಂದೆ, ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಕಾಲದ ಜೈನಾಚಾರ್ಯ ಜಿನಸೇನರು ಸಂಸ್ಕೃತದ ಆದಿಪುರಾಣದಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನೇ ಪ್ರಶ್ನಿಸಿದ್ದರು. ಸೃಷ್ಟಿಗೆ ಮೊದಲು ಅವನು ಎಲ್ಲಿದ್ದ, ಯಾವ ವಸ್ತುವಿನಿಂದ ಮಾಡಿದ, ಪೂರ್ಣನಾದವನಿಗೆ ಮಾಡುವ ಬಯಕೆ ಏಕೆ ಬಂತು? ಪಂಪನ ‘ಆದಿಪುರಾಣ’ಕ್ಕೆ ಆಕರವಾದ ಕೃತಿ ಇದು. ಕನ್ನಡ ನೆಲದಲ್ಲಿ ಭಕ್ತರೂ ನಿರೀಶ್ವರವಾದಿಗಳೂ ಬೇರೆಬೇರೆ ಕಾರಣಗಳಿಗಾಗಿ ಮಡಕೆ-ಕುಂಬಾರನ ವಾದವನ್ನು ಕೈಬಿಟ್ಟಿದ್ದರು ಎಂಬುದು ಮರೆಯಬಾರದ ಇತಿಹಾಸ.

ಹಾಗೆಂದು ಈ ವಾದದ ಎಲ್ಲ ರೂಪಗಳೂ ಸಲೀಸಾಗಿ ಬೀಳುವುದಿಲ್ಲ. ಭೌತವಿಜ್ಞಾನದಿಂದ ಬರುವ ರೂಪ ನಿಜಕ್ಕೂ ಯೋಚನೆಗೆ ಹಚ್ಚುವಂಥದು. ನಕ್ಷತ್ರಗಳ ಒಡಲಲ್ಲಿ ಮೂರು ಹೀಲಿಯಂ ಬೀಜಗಳು ಕೂಡಿ ಇಂಗಾಲವಾಗುತ್ತದೆ. ವಿಶ್ವದಲ್ಲಿ ಇಷ್ಟು ಇಂಗಾಲ ಇರಬೇಕಾದರೆ ಅದರ ಬೀಜದಲ್ಲಿ ಒಂದು ನಿರ್ದಿಷ್ಟ ಶಕ್ತಿಸ್ಥಿತಿ ಇರಲೇಬೇಕು ಎಂದು ಬ್ರಿಟನ್ನಿನ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ 1953ರಲ್ಲಿ ಲೆಕ್ಕ ಹಾಕಿದರು. ಕ್ಯಾಲಿಫೋರ್ನಿಯಾದ ಕಾಲ್‌ಟೆಕ್‌ನಲ್ಲಿ ವಿಲಿಯಂ ಫೌಲರ್ ಅವರ ಪ್ರಯೋಗಾಲಯದವರು ಹುಡುಕಿದಾಗ, ಸುಮಾರು 7.65 ಮೆಗಾ ಎಲೆಕ್ಟ್ರಾನ್ ವೋಲ್ಟ್ ಬಳಿ ಅದು ಸಿಕ್ಕೇಬಿಟ್ಟಿತು. ಮತಧರ್ಮಗಳ ಬಗ್ಗೆ ಒಲವಿಲ್ಲದಿದ್ದ ಹಾಯ್ಲ್, 1981ರ ಹೊತ್ತಿಗೆ, ಯಾವುದೋ ಮಹಾಬುದ್ಧಿ ಭೌತನಿಯಮಗಳಲ್ಲಿ ಕೈಯಾಡಿಸಿದಂತಿದೆ ಎಂದು ಬರೆದರು.

ಒಬ್ಬನೇ ಮನುಷ್ಯ, ಒಂದೇ ವಿಷಯ, ಎರಡು ಮಾತು. 1953ರ ಮಾತಿನಲ್ಲಿ ಒಂದು ಸಂಖ್ಯೆಯಿತ್ತು, ಸುಳ್ಳಾಗುವ ಅಪಾಯವಿತ್ತು, ಬೇರೆಯವರು ಪರೀಕ್ಷಿಸಬಹುದಿತ್ತು. 1981ರ ಮಾತಿನಲ್ಲಿ ಅದಾವುದೂ ಇಲ್ಲ. ಅದನ್ನು ಹೇಳುವ ಹಕ್ಕು ಹಾಯ್ಲ್‌ಗೆ ಪೂರ್ತಿ ಇತ್ತು, ಓದಿದವರು ಮನಸೋತರೆ ಅಚ್ಚರಿಯೂ ಇಲ್ಲ. ಆದರೆ ಅದು ಪ್ರಯೋಗದಿಂದ ಹೊರಟ ಫಲಿತಾಂಶವಲ್ಲ, ಫಲಿತಾಂಶದ ಮುಂದೆ ನಿಂತ ಮನುಷ್ಯನ ಭಾವ. ನಿಯಮಗಳು ಹೀಗೇ ಏಕಿವೆ ಎಂಬುದಕ್ಕೆ ಅಸಂಖ್ಯ ವಿಶ್ವಗಳನ್ನು ಉತ್ತರವಾಗಿ ಮುಂದಿಡುವವರೂ ಇನ್ನೂ ಪರೀಕ್ಷೆಗೆ ಸಿಗದ ಕಲ್ಪನೆಯನ್ನೇ ಮಂಡಿಸುತ್ತಿದ್ದಾರೆ ಎಂಬುದನ್ನೂ ಹೇಳಬೇಕು.

ದೇವರ ಇರವನ್ನು ವಿಜ್ಞಾನದ ಬಿರುಕುಗಳಲ್ಲಿ ನೆಡುವುದರಿಂದ ದೊಡ್ಡ ನಷ್ಟ ನಂಬಿಕೆಗೇ ಆಗುತ್ತದೆ. ಗ್ರಹಗಳ ಪರಸ್ಪರ ಸೆಳೆತದಿಂದ ಸೌರಮಂಡಲದ ಲಯ ಕ್ರಮೇಣ ಕೆಡುತ್ತದೆ, ಮುಂದೊಮ್ಮೆ ಅದನ್ನು ಸರಿಪಡಿಸಬೇಕಾಗುತ್ತದೆ ಎಂದು ಐಸಾಕ್ ನ್ಯೂಟನ್ ಭಾವಿಸಿದ್ದ, ಸರಿಪಡಿಸುವ ಕೈ ದೇವರದೇ. ಗುರು ಮತ್ತು ಶನಿಗಳ ಚಲನೆಯಲ್ಲಿನ ಏರುಪೇರು ಸುಮಾರು 900 ವರ್ಷಗಳಿಗೊಮ್ಮೆ ತಾನಾಗಿ ಹಿಂದಿರುಗುತ್ತದೆ ಎಂದು ಫ್ರೆಂಚ್ ಗಣಿತಜ್ಞ ಲಾಪ್ಲಾಸ್ 1785ರ ಸುಮಾರಿಗೆ ಗಣಿತದಿಂದ ತೋರಿಸಿದಾಗ, ಅಲ್ಲಿ ದೇವರಿಗಿದ್ದ ಕೆಲಸ ತಪ್ಪಿಹೋಯಿತು. ತಿಳಿಯದ ಕಡೆಯಲ್ಲೆಲ್ಲ ದೇವರನ್ನು ಕೂರಿಸಿದರೆ ತಿಳಿವು ಬೆಳೆದಂತೆ ಅವನು ಹಿಂದೆ ಸರಿಯುತ್ತಲೇ ಹೋಗಬೇಕಾಗುತ್ತದೆ ಎಂದು ನೊಂದು ಬರೆದವನು ನಾಸ್ತಿಕನಲ್ಲ, ಹಿಟ್ಲರನ ಸೆರೆಮನೆಯಲ್ಲಿದ್ದ ಜರ್ಮನ್ ಪಾದ್ರಿ ಡೀಟ್ರಿಚ್ ಬಾನ್‌ಹೋಫರ್, 1944ರಲ್ಲಿ.

ಭಾರತದಲ್ಲಿ ಈ ಚರ್ಚೆ ಈಗ ಶಾಲೆಯ ಬಾಗಿಲಿಗೆ ಬಂದಿದೆ. 2018ರ ಜನವರಿಯಲ್ಲಿ ಕೇಂದ್ರದ ರಾಜ್ಯ ಸಚಿವ ಸತ್ಯಪಾಲ್ ಸಿಂಗ್, ಮಂಗ ಮನುಷ್ಯನಾದದ್ದನ್ನು ಯಾರೂ ಕಂಡಿಲ್ಲ, ಡಾರ್ವಿನ್ ಸಿದ್ಧಾಂತ ತಪ್ಪು ಎಂದಾಗ, ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿ ಹೇಳಿಕೆಯಲ್ಲಿ ಅದನ್ನು ಅಲ್ಲಗಳೆದವು. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ‘ಅನುವಂಶೀಯತೆ ಮತ್ತು ವಿಕಾಸ’ ಪಾಠ ಬರೀ ‘ಅನುವಂಶೀಯತೆ’ಯಾಗಿ ಉಳಿಯಿತು. ಕೋವಿಡ್ ಕಾಲದಲ್ಲಿ ಮಕ್ಕಳ ಹೊರೆ ಇಳಿಸಲು ಮಾಡಿದ ಕ್ರಮ ಎಂಬುದು ಮಂಡಳಿ ಕೊಟ್ಟ ಕಾರಣ. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿ ವಿರೋಧಿಸಿದರು. ವಿಕಾಸದ ಪಾಠ ಹನ್ನೆರಡನೇ ತರಗತಿಯಲ್ಲಿ ಇದೆ ನಿಜ, ಆದರೆ ಅದು ಜೀವವಿಜ್ಞಾನ ಆಯ್ದುಕೊಂಡವರಿಗೆ ಮಾತ್ರ. ಹತ್ತರ ನಂತರ ವಾಣಿಜ್ಯ, ಕಲೆ, ಐಟಿಐ, ಡಿಪ್ಲೊಮಾ ಸೇರುವ ಲಕ್ಷಾಂತರ ಮಕ್ಕಳಿಗೆ ಜೀವಜಗತ್ತು ಹೀಗೆ ಏಕಿದೆ ಎಂಬ ವಿವರಣೆ ತರಗತಿಯಲ್ಲಿ ಸಿಗುವುದೇ ಇಲ್ಲ. ಆ ಪಾಠ ಹತ್ತನೇ ತರಗತಿಯೊಳಗೇ ಮರಳಿ ಬರಬೇಕು. ಅದನ್ನು ಓದಿದ ಮಗು ಸಂಜೆ ದೇವರಿಗೆ ದೀಪ ಹಚ್ಚುವುದೋ ಬಿಡುವುದೋ, ಅದನ್ನು ಪಠ್ಯಪುಸ್ತಕ ನಿರ್ಧರಿಸಬೇಕಿಲ್ಲ.