ಪ್ರವಾಸ ಅಂದರ ಮೈಸೂರೇ ಆಗಬೇಕೇನು?



ದೀಪಾವಳಿ ಸೂಟಿ ಮುಗಿಯಿತೆಂದರೆ ನಮ್ಮ ಸಾಲಿಯೊಳಗೆ ಪ್ರವಾಸದ ಮಾತು ಶುರುವಾಗುತ್ತದೆ. ಎಲ್ಲರ ಬಾಯಲ್ಲೂ ಮೈಸೂರು, ಬೆಂಗಳೂರು, ಜೋಗ. ನನ್ನ ಅಭಿಪ್ರಾಯ ಬೇರೆ ಇದೆ. ಈ ವರ್ಷ ಏಳನೆಯ ಇಯತ್ತೆಯವರು ಎಲ್ಲರೂ ಕೂಡಿ ಸವದತ್ತಿಯ ಹತ್ತಿರದ ಪರಸಗಡ ಗುಡ್ಡ ಹತ್ತಬೇಕು. ಎಲ್ಲರೂ ಅಂದರೆ ಎಲ್ಲರೂ.

ಯಾಕಂದರ, ದೂರದ ಪ್ರವಾಸಕ್ಕೆ ರೊಕ್ಕ ಕಟ್ಟಿದವರು ಬಸ್ ಹತ್ತುತ್ತಾರೆ. ಕಟ್ಟದವರು ಮೂರು ದಿವಸ ಮನ್ಯಾಗ ಕುಂತು, ಆಮೇಲೆ ಅವರ ಬಾಯಿಂದ ಚಾಮುಂಡಿ ಬೆಟ್ಟದ ಕಥಿ ಕೇಳುತ್ತಾರೆ. ರೊಕ್ಕ ಇದ್ದರೂ ಹುಡುಗ್ಯಾರ ಮನ್ಯಾಗ ಇನ್ನೊಂದು ಮಾತು ಬರುತ್ತದೆ: "ರಾತ್ರಿ ಹೊರಗ ಮಲಗೂದು ಬ್ಯಾಡ." ಇದಕ್ಕೆ ಎದುರು ಮಾತಾಡಿ ಗೆದ್ದವರನ್ನು ನಾನು ಇನ್ನೂ ನೋಡಿಲ್ಲ. ಪರಸಗಡಕ್ಕೆ ಮುಂಜಾನೆ ಹೋದರೆ ಸಂಜೆ ಮನಿ.

ಕೆಲವರು ನಗುತ್ತಾರೆ. "ಆ ಗುಡ್ಡದಾಗ ಏನೈತಿ? ಕಲ್ಲು, ಕಂಟಿ, ಬಿದ್ದ ಗ್ವಾಡಿ" ಅಂತಾರೆ. ಆದರೆ ನಮ್ಮ ಸವದತ್ತಿ ತಾಲೂಕಿಗೆ ಮೊದಲು ಹೆಸರು ಕೊಟ್ಟದ್ದು ಅದೇ ಗುಡ್ಡ. ಬ್ರಿಟಿಷರ ಕಾಲದಾಗ ಇದು ಪರಸಗಡ ತಾಲೂಕು. ನಮ್ಮ ಅಜ್ಜನ ಹಳೇ ಕಾಗದದ ಮೇಲೆ "ತಾ. ಪರಸಗಡ" ಅಂತಲೇ ಬರೆದೈತಿ. ಅದಕ್ಕೂ ಬಹಳ ಮೊದಲು ಸವದತ್ತಿಗೆ ಸುಗಂಧವರ್ತಿ ಎಂದು ಹೆಸರಿತ್ತು. 9ನೇ ಶತಮಾನದಿಂದ ರಟ್ಟರು ಅಲ್ಲಿಂದ ರಾಜ್ಯ ಆಳಿದರು, ನಂತರ ರಾಜಧಾನಿಯನ್ನು ಬೆಳಗಾವಿಗೆ ಒಯ್ದರು. ಮೈಸೂರಿನ ಒಡೆಯರ ಹೆಸರು ನಮಗೆ ಬಾಯಿಪಾಠ ಬರುತ್ತದೆ. ರಟ್ಟರ ಒಬ್ಬ ರಾಜನ ಹೆಸರು ಹೇಳಿರಿ ಅಂದರ ತರಗತಿ ಸುಮ್ಮನಾಗುತ್ತದೆ.

ಗುಡ್ಡ ಹತ್ತಿದರೆ ಇನ್ನೊಂದು ಲಾಭ ಇದೆ. ಪುಸ್ತಕದ ನಕಾಶೆಯೊಳಗೆ ನಮ್ಮ ಮಲಪ್ರಭೆ ಒಂದು ನೀಲಿ ಗೆರೆ ಅಷ್ಟೇ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಹೊಳಿ ಇಲ್ಲಿ ಗುಡ್ಡದ ಸಾಲಿಗೆ ಬಂದು ಅಡ್ಡ ನಿಲ್ಲುತ್ತದೆ, ಗಟ್ಟಿ ಕಲ್ಲನ್ನು ಕೊರೆದು ನವಿಲುತೀರ್ಥದ ಸಂದಿಯಿಂದ ಪಾರಾಗುತ್ತದೆ. ಆ ಸಂದಿ ಇದ್ದದ್ದಕ್ಕೇ ಅಲ್ಲಿ ಡ್ಯಾಮ್ ಕಟ್ಟಿದರು, ಹಿಂದೆ ರೇಣುಕಾ ಸಾಗರ ತುಂಬಿತು. ಸಂದಿ ದಾಟಿದ ಮೇಲೆ ನಮ್ಮ ಮನೋಳಿ. 2019ರ ಆಗಸ್ಟಿನಲ್ಲಿ ಡ್ಯಾಮಿನಿಂದ ನೀರು ಬಿಟ್ಟಾಗ ನಮ್ಮ ಊರೊಳಗೂ ನೀರು ಯಾಕೆ ಬಂತು ಎನ್ನುವುದು ಎತ್ತರದ ಮ್ಯಾಲೆ ನಿಂತವರಿಗೆ ಬೇಗ ತಿಳಿಯುತ್ತದೆ.

ಇದೇ ಹೊಳಿ 1800ರಲ್ಲಿ ಧೋಂಡಿಯಾ ವಾಘನ ಸೈನ್ಯವನ್ನೂ ಕೆಡವಿತು. ಈತ ಚನ್ನಗಿರಿಯವನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸೆರೆಮನೆಯಿಂದ ಹೊರಬಿದ್ದು ದಂಡು ಕಟ್ಟಿದ, ತನ್ನನ್ನು ಎರಡು ಲೋಕದ ಒಡೆಯ ಎಂದು ಕರೆದುಕೊಂಡ. (ಹೆಸರು ಇಟ್ಟುಕೊಳ್ಳಾಕ ರೊಕ್ಕ ಬೇಕಾಗಿಲ್ಲ.) ಇಂಗ್ಲಿಷರ ಆರ್ಥರ್ ವೆಲ್ಲೆಸ್ಲಿ ಅವನ ಬೆನ್ನು ಹತ್ತಿ ಜುಲೈ 30ರಂದು ನಮ್ಮ ಮನೋಳಿಯ ಎದುರಿಗೆ, ಹೊಳಿ ದಂಡಿಯಲ್ಲೇ, ಅವನ ಸೈನ್ಯದ ಒಂದು ಬಿಡಾರವನ್ನು ಹಿಡಿದ. ಹಿಂದೆ ವೈರಿ, ಮುಂದೆ ಮಳೆಗಾಲದ ಹೊಳಿ. ಎಷ್ಟೋ ಮಂದಿ ನೀರಿಗೆ ಬಿದ್ದು ಸತ್ತರು. ಮುಂದೆ ಸೆಪ್ಟೆಂಬರ್ 10ಕ್ಕೆ ಧೋಂಡಿಯಾನೂ ಯುದ್ಧದಲ್ಲಿ ಸತ್ತ. ಇದೇ ವೆಲ್ಲೆಸ್ಲಿ 1815ರಲ್ಲಿ ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ. ನೆಪೋಲಿಯನ್ನನ ಹೆಸರು ಎಲ್ಲರಿಗೂ ಗೊತ್ತು. ನಾವು ದಿನಾ ನೋಡುವ ದಂಡಿಯ ಸುದ್ದಿ ಎಷ್ಟು ಮಂದಿಗೆ ಗೊತ್ತು?

ಈಗ ಕೆಲವು ಹಿರಿಯರ ಮಾತಿಗೆ ಬರುತ್ತೇನೆ. "ಹುಡುಗ್ಯಾರು ಗುಡ್ಡ ಹತ್ತೂದು ಚಂದಲ್ಲ, ದಣೀತಾರ" ಅಂತಾರೆ. ಭಾರತ ಹುಣ್ಣಿಮಿಗೆ ಎಲ್ಲಮ್ಮನ ಗುಡ್ಡಕ್ಕೆ ನಮ್ಮ ಅವ್ವ, ಆಯಿ, ಅತ್ತಿ ತಲಿ ಮ್ಯಾಲೆ ಬುತ್ತಿಗಂಟು ಹೊತ್ತು, ಬಗಲಾಗ ಕೂಸು ಎತ್ತಿಕೊಂಡು ನಡೆದು ಹೋಗುವಾಗ ಯಾರೂ ಹಂಗ ಅನ್ನುವುದಿಲ್ಲ. ದೇವರ ಗುಡ್ಡ ಹತ್ತುವ ಕಾಲು ಕೋಟೆಯ ಗುಡ್ಡಕ್ಕೆ ಬಂದರೆ ದಣಿಯುತ್ತದೇನು?

ಬಚೇಂದ್ರಿ ಪಾಲ್ ಅವರು ಉತ್ತರಕಾಶಿಯ ನಾಕುರಿ ಎಂಬ ಹಳ್ಳಿಯವರು. 1984ರ ಮೇ 23ರಂದು ಎವರೆಸ್ಟ್ ಹತ್ತಿದರು, ಹಾಗೆ ಹತ್ತಿದ ಭಾರತದ ಮೊದಲನೆಯ ಹೆಣ್ಣುಮಗಳು ಅವರೇ. ಅವರು ಮೊದಲು ಪರ್ವತ ಹತ್ತಿದ್ದು ಹನ್ನೆರಡನೆಯ ವಯಸ್ಸಿಗೆ, ಸಾಲಿಯ ಪಿಕ್‌ನಿಕ್ಕಿನಲ್ಲಿ! ಸುಮಾರು ನಾಲ್ಕು ಸಾವಿರ ಮೀಟರ್ ಎತ್ತರ. ನಮ್ಮ ರಾಜ್ಯದಲ್ಲಿ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಪರಸಗಡ ಅದರ ಮುಂದೂ ಸಣ್ಣದು. ನಮಗೆ ಹದಿಮೂರು ತುಂಬಿದೆ.

ಗುರುಗಳಿಗೆ ಚಿಂತೆ ಇರುವುದು ನಮಗೂ ತಿಳಿಯುತ್ತದೆ. ಅದಕ್ಕೆ ಚಳಿಗಾಲದಲ್ಲಿ, ನಸುಕಿನಾಗ ಹೋಗೋಣ. ಒಬ್ಬೊಬ್ಬರಿಗೆ ಎರಡು ಬಾಟಲಿ ನೀರು, ಖಟಕ ರೊಟ್ಟಿ, ಶೇಂಗಾ ಚಟ್ನಿ. ಹಳೇ ಗೋಡೆಗೆ ಜೇನು ಕಟ್ಟಿದ್ದರೆ ಕಲ್ಲು ಒಗೆಯಬಾರದು (ಯಾರಿಗೆ ಹೇಳಿದ್ದು ಅಂತ ಅವರಿಗೆ ಗೊತ್ತೈತಿ). ಇದ್ದಲಿಯಿಂದ ಹೆಸರು ಬರೆಯುವವರಿಗೆ ಆ ಗೋಡೆಯನ್ನು ತೊಳೆಯುವ ಶಿಕ್ಷೆ ಕೊಡಬೇಕು. ಬರೆಯುವ ಹೌಸಿ ಇದ್ದರೆ ಈ ಗೋಡೆಪತ್ರಿಕೆ ಇದ್ದೇ ಇದೆ.

ಖರ್ಚಿನ ಲೆಕ್ಕವೂ ಹಗುರ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹುಡುಗ್ಯಾರಿಗೆ ಸರಕಾರಿ ಬಸ್ಸಿನ ಟಿಕೀಟು ಇಲ್ಲ. ಸವದತ್ತಿ ತನಕ ಹುಡುಗೂರಿಗೆ ಅಷ್ಟ ರೊಕ್ಕ, ಅಲ್ಲಿಂದ ಮುಂದೆ ಎಲ್ಲರಿಗೂ ನಡಿಗೆ. ಟಿಕೀಟಿಗೆ ರೊಕ್ಕ ಇಲ್ಲದ ಹುಡುಗೂರಿಗೆ ತರಗತಿಯವರೆಲ್ಲ ಸೇರಿಸಿ ಕೊಡೋಣ.

ಗುರುಗಳಲ್ಲಿ ನನ್ನದೊಂದು ವಿನಂತಿ. ಪಾಲಕರ ಒಪ್ಪಿಗೆ ಚೀಟಿಯಲ್ಲಿ "ಹೊತ್ತು ಮುಳುಗೂದರೊಳಗ ಮಕ್ಕಳು ಮನಿಗೆ ಬರುತ್ತಾರೆ" ಎಂಬ ಸಾಲನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಆ ಸಾಲು ಇದ್ದರ ನಮ್ಮ ಅಪ್ಪ ಸಹಿ ಮಾಡ್ತಾನ. ಕೇಳಿ ನೋಡೀನಿ.

— ಏಳನೆಯ ಇಯತ್ತೆಯ ವಿದ್ಯಾರ್ಥಿನಿ