ಸೈನ್ಸ್ ಕಷ್ಟ ಅಂತ ನಮ್ಮ ಮಕ್ಕಳಿಗೆ ಹೇಳಿಕೊಟ್ಟವರು ಯಾರು?

ಕೈವಾರದ ಬಸ್‌ಸ್ಟ್ಯಾಂಡಿನಲ್ಲಿ ಸಂಜೆ ಬಸ್ಸಿಗೆ ಕಾಯುವ ಹೈಸ್ಕೂಲು ಮಕ್ಕಳನ್ನು ಕೇಳಿ ನೋಡಿ, ಯಾವ ಸಬ್ಜೆಕ್ಟ್ ಇಷ್ಟ ಅಂತ. ಕನ್ನಡ ಅಂತಾರೆ, ಸಮಾಜ ಅಂತಾರೆ. ಸೈನ್ಸ್ ಅಂದರೆ 'ಕಷ್ಟ ಅಣ್ಣಾ'. ಹಳ್ಳಿ ಮಕ್ಕಳ ತಲೆಗೆ ವಿಜ್ಞಾನ ಹತ್ತಲ್ಲ ಎಂದು ದೊಡ್ಡವರೂ ಷರಾ ಬರೆದುಬಿಡುತ್ತಾರೆ. ಇದು ಶುದ್ಧ ಸುಳ್ಳು.

ಇದೇ ಮಕ್ಕಳು ಮನೆಗೆ ಹೋಗಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಾರೆ. ಹುಳ ಎಷ್ಟನೇ ಜ್ವರದಲ್ಲಿದೆ, ಸೊಪ್ಪು ಯಾವಾಗ ನಿಲ್ಲಿಸಬೇಕು ಎಂದು ಏಳನೇ ಕ್ಲಾಸಿನ ಹುಡುಗಿ ನಮಗೇ ಪಾಠ ಮಾಡುತ್ತಾಳೆ. ನಾವು ಜ್ವರ ಅನ್ನುವುದನ್ನೇ ಪುಸ್ತಕ ಪೊರೆ ಕಳಚುವುದು ಅನ್ನುತ್ತದೆ. ನಾಲ್ಕು ಜ್ವರ ದಾಟಿ, ಹುಳ ಹಣ್ಣಾಗಿ ಗೂಡು ಕಟ್ಟುವುದನ್ನು ಕಣ್ಣಾರೆ ಕಂಡ ಮಗುವಿಗೆ ಜೀವನಚಕ್ರವನ್ನು ಗೈಡ್ ನೋಡಿ ಬರೆಸಿದರೆ ಯಾವ ಇಷ್ಟ ಉಳಿಯುತ್ತದೆ? ಎಷ್ಟೋ ಶಾಲೆಗಳಲ್ಲಿ ಪ್ರಯೋಗದ ಸಾಮಾನು ಬೀರುವಿನಲ್ಲಿದೆ, ಬೀರುವಿಗೆ ಬೀಗ ಇದೆ. ಹತ್ತನೇ ಕ್ಲಾಸಿಗೆ ಬಂದರೆ 'ಪಾಸಿಂಗ್ ಪ್ಯಾಕೇಜ್' ಒಂದೇ ವಿಜ್ಞಾನ.

ಎಚ್. ನರಸಿಂಹಯ್ಯ ನಮ್ಮ ಜಿಲ್ಲೆಯವರೇ. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ ಹುಟ್ಟಿದವರು. ಊರಿನ ಶಾಲೆಯಲ್ಲಿ ಪಾಠ ಹೇಳಿದ್ದ ಮೇಷ್ಟ್ರು ಕರೆದರು ಎಂದು ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದುಕೊಂಡೇ ಹೋದರು. ಭೌತಶಾಸ್ತ್ರ ಹಿಡಿದರು, ಅಮೆರಿಕದ ಒಹಾಯೊದಲ್ಲಿ ಡಾಕ್ಟರೇಟ್ ಮಾಡಿ ಬಂದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಪ್ರಶ್ನೆ ಕೇಳದೆ ಯಾವುದನ್ನೂ ಒಪ್ಪಬೇಡಿ ಎಂಬುದನ್ನು ಜೀವನಪೂರ್ತಿ ಹೇಳಿದರು. ಅವರ ಫೋಟೊಗೆ ಹಾರ ಹಾಕುತ್ತೇವೆ. ಕ್ಲಾಸಿನಲ್ಲಿ ಎದ್ದು ಪ್ರಶ್ನೆ ಕೇಳಿದ ಹುಡುಗನಿಗೆ ಮಾತ್ರ 'ಕೂತ್ಕೊಳೋ, ಪೋರ್ಷನ್ ಮುಗೀಬೇಕು'.

ಭಾಷೆಯದು ಇನ್ನೊಂದು ಪೆಟ್ಟು. ಹತ್ತರವರೆಗೆ ಕನ್ನಡದಲ್ಲಿ ಓದಿದ ಮಗು ಪಿಯುಸಿ ಸೈನ್ಸ್ ತಗೊಂಡರೆ ಪುಸ್ತಕ ಪೂರ್ತಿ ಇಂಗ್ಲಿಷ್. ಭಾರತರತ್ನ ಸಿ.ಎನ್.ಆರ್. ರಾವ್ ಕೂಡ ಹೈಸ್ಕೂಲು ಓದಿದ್ದು ಕನ್ನಡ ಮಾಧ್ಯಮದಲ್ಲೇ ಅಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಹೌದು. ಆದರೆ ಅವರ ಮನೆಯಲ್ಲಿ ಅಪ್ಪ ಇಂಗ್ಲಿಷ್ ಮಾತಾಡುತ್ತಿದ್ದರು, ಅವರ ಶಾಲೆಗೆ ಸಾಕ್ಷಾತ್ ಸಿ.ವಿ. ರಾಮನ್ ಬಂದಿದ್ದರು. ನಮ್ಮ ಮಕ್ಕಳಿಗೆ ಜೂನ್ ತಿಂಗಳಲ್ಲಿ ಕೈ ಹಿಡಿದು ಆ ಪದಗಳನ್ನು ದಾಟಿಸುವವರು ಯಾರು? ಮೂರು ತಿಂಗಳು ಒದ್ದಾಡಿ ಆರ್ಟ್ಸ್‌ಗೆ ಬದಲಾಯಿಸಿಕೊಂಡರೆ 'ದಡ್ಡ' ಎನ್ನುತ್ತೇವೆ.

ವಿಜ್ಞಾನ ಈ ಜಿಲ್ಲೆಗೆ ಶೋಕಿಯಲ್ಲ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ಯೋಗ್ಯವಲ್ಲ; ಮಕ್ಕಳ ಹಲ್ಲಿನ ಕಲೆ ನೋಡಿದವರಿಗೆ ಇದು ಗೊತ್ತು. ಬೆಂಗಳೂರಿನ ಕೊಳಚೆ ನೀರನ್ನು ಎರಡೇ ಹಂತ ಶುದ್ಧ ಮಾಡಿ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. (ಈ ಎಚ್.ಎನ್. ಹೆಬ್ಬಾಳ-ನಾಗವಾರ, ನಮ್ಮ ಎಚ್ಚೆನ್ ಇದ್ದಿದ್ದರೆ ಮೊದಲು ಆ ನೀರಿನ ರಿಪೋರ್ಟ್ ಕೇಳುತ್ತಿದ್ದರು.) ಮೂರನೇ ಹಂತ ಯಾಕೆ ಬೇಕು ಎಂದು ಕೇಳಲು ನಮ್ಮ ಊರಲ್ಲೇ ಕೆಮಿಸ್ಟ್ರಿ ಬಲ್ಲವರು ಬೇಡವೇ?

ನೀರು ಪರೀಕ್ಷೆ ಕಿಟ್ ಹಳ್ಳಿಗಳಿಗೆ ಕೊಡುವ ವ್ಯವಸ್ಥೆ ಜಲಜೀವನ್ ಮಿಷನ್‌ನಲ್ಲೇ ಇದೆ. ಈ ಸಲದ ಮಕ್ಕಳ ಗ್ರಾಮಸಭೆಯಲ್ಲಿ ನಿಮ್ಮ ಮಗ, ಮಗಳು ಎದ್ದು ನಿಂತು ಪಿಡಿಒ ಸಾಹೇಬರನ್ನು ಎರಡೇ ಮಾತು ಕೇಳಲಿ: ಸರ್, ಆ ಕಿಟ್ ಎಲ್ಲಿದೆ? ನಮ್ಮ ಶಾಲೆಗೆ ಯಾವತ್ತು ತರ್ತೀರಿ?